ಮೊದಲ ವಾರದ ಮಾತು ಕೇಳಿ ಟ್ಯಾಬ್ ತಗೋಬೇಡಿ

‘ಅಣ್ಣ, ಹೊಸ ಟ್ಯಾಬ್ ಬಿಟ್ಟಿದ್ದಾರೆ. ಎಲ್ರೂ ಸೂಪರ್ ಅಂತಿದ್ದಾರೆ. ನಾಲ್ಕು ಬುಕ್ ಮಾಡ್ಲಾ?’

ನಮ್ಮ ಸಾವಯವ ಬೆಳೆಗಾರರ ಗುಂಪಿನ ವಾಟ್ಸಾಪ್‌ಗೆ ಕಳೆದ ವಾರ ಬಂದ ಸಂದೇಶ ಇದು. ಗುಂಪಿನಲ್ಲಿ 22 ಜನ ಇದ್ದೀವಿ. ಪಿಜಿಎಸ್ ದೃಢೀಕರಣಕ್ಕೆ ಪ್ರತಿಯೊಬ್ಬರ ಹೊಲದ ಡೈರಿ ಬೇಕು. ಯಾವ ತಾಕಿಗೆ ಯಾವತ್ತು ಜೀವಾಮೃತ ಕೊಟ್ವಿ, ಬೀಜ ಎಲ್ಲಿಂದ ತಂದ್ವಿ, ಬದುವಿನಾಚೆ ಪಕ್ಕದವರು ಏನು ಸಿಂಪಡಿಸಿದ್ರು, ಎಲ್ಲ ಬರೆದಿಡಬೇಕು. ಪುಸ್ತಕ ಮಳೆಗೆ ನೆನೆಯುತ್ತೆ, ಒಬ್ಬರ ಬರಹ ಇನ್ನೊಬ್ಬರಿಗೆ ಓದಕ್ಕಾಗಲ್ಲ. ಅದಕ್ಕೇ ನಾಲ್ಕು ಟ್ಯಾಬ್ ತಗೊಂಡು ಐದಾರು ಮನೆಗೆ ಒಂದರಂತೆ ಇಟ್ಟುಕೊಳ್ಳೋಣ ಅಂತ ಮಾತಾಗಿತ್ತು. ಅದಕ್ಕೆ ಕೂಡಿಟ್ಟಿರುವ ದುಡ್ಡು 60 ಸಾವಿರ. ಬೀನ್ಸು, ಬದನೆ ಮಾರಿ ಉಳಿಸಿದ್ದು.

ಟ್ಯಾಬ್ ಬಿಡುಗಡೆಯಾಗಿ ಇನ್ನೂ ಒಂದು ವಾರ ತುಂಬಿರಲಿಲ್ಲ. ಹುಡುಗ ಕಳಿಸಿದ ಲಿಂಕ್ ತೆರೆದು ನೋಡಿದೆ. ನಾಲ್ಕೂವರೆ ಸ್ಟಾರ್. ಮುನ್ನೂರಕ್ಕೂ ಹೆಚ್ಚು ಅಭಿಪ್ರಾಯ. ಅರ್ಧ ಗಂಟೆ ಕೂತು ಓದಿದೆ. ‘ಡೆಲಿವರಿ ಬೇಗ ಬಂತು’, ‘ಪ್ಯಾಕಿಂಗ್ ಚೆನ್ನಾಗಿದೆ’, ‘ಬಣ್ಣ ಸೂಪರ್’, ‘ಇನ್ನೂ ಬಳಸಿಲ್ಲ, ಬಳಸಿ ಹೇಳ್ತೀನಿ’ — ಇಂಥವೇ ಮುಕ್ಕಾಲು ಪಾಲು. ಇನ್ನೂ ಬಳಸಿಲ್ಲ ಅಂದವರೂ ಐದು ಸ್ಟಾರ್ ಕೊಟ್ಟಿದ್ದಾರೆ! ಅದು ಟ್ಯಾಬಿಗೆ ಕೊಟ್ಟ ಅಂಕ ಅಲ್ಲ, ಪಾರ್ಸೆಲ್ ತಂದುಕೊಟ್ಟ ಹುಡುಗನಿಗೆ ಕೊಟ್ಟ ಅಂಕ.

ಬುಕ್ ಮಾಡಬೇಡ ಅಂತ ಹೇಳಿದೆ. ಗುಂಪಿನಲ್ಲಿ ಸ್ವಲ್ಪ ಬಿಸಿ ಮಾತೂ ಆಯ್ತು. ‘ನೀವು ಓದಿದವರು, ನೀವೇ ಹೊಸದಕ್ಕೆ ಹೆದರಿದ್ರೆ ಹೆಂಗೆ?’ ಅಂದ್ರು ಒಬ್ಬರು. ಹೆದರಿಕೆ ಅಲ್ಲ. ಹೊಸ ಟೊಮೆಟೊ ಹೈಬ್ರಿಡ್‌ನ ಮೊದಲ ಕೊಯ್ಲು ನೋಡಿ ಯಾರಾದರೂ ಮುಂದಿನ ವರ್ಷ ಎರಡೆಕರೆಗೆ ನಾಟಿ ಮಾಡ್ತಾರಾ? ಮೊದಲ ಕೊಯ್ಲಲ್ಲಿ ಎಲ್ಲ ಹಣ್ಣೂ ಮಿರಮಿರ ಮಿಂಚುತ್ತೆ. ಎಲೆ ಮುಟುರು ಬರೋದು ಬಿಳಿ ನೊಣ ಏರಿದ ಮೇಲೆ, ಕಾಯಿ ಸಣ್ಣಗಾಗೋದು ಐದನೇ ಆರನೇ ಕೊಯ್ಲಿಗೆ. ವಿಶ್ವವಿದ್ಯಾಲಯಗಳು ಒಂದು ತಳಿಯನ್ನು ಬಿಡುಗಡೆ ಮಾಡುವ ಮೊದಲು ಬೇರೆ ಬೇರೆ ಊರಲ್ಲಿ, ಬೇರೆ ಬೇರೆ ಹಂಗಾಮಿನಲ್ಲಿ ಬೆಳೆಸಿ ನೋಡೋದು ಅದಕ್ಕೇ. ಬೀಜದ ವಿಷಯದಲ್ಲಿ ಇಷ್ಟು ಹುಷಾರಾಗಿರುವ ನಾವು, ಬೀಜಕ್ಕಿಂತ ಎಷ್ಟೋ ಪಟ್ಟು ದುಡ್ಡು ಕೊಟ್ಟು ತರುವ ಟ್ಯಾಬ್ ವಿಷಯದಲ್ಲಿ ಮೂರು ದಿನ ಬಳಸಿದವರ ಮಾತಿಗೆ ತಲೆ ಆಡಿಸ್ತೀವಿ.

ಹಾಗಂತ ಮೊದಲು ಬಳಸಿದವರ ಮಾತೆಲ್ಲ ಜೊಳ್ಳು ಅಂತ ನಾನು ಹೇಳಲ್ಲ. ಅದರಲ್ಲಿ ಕಾಳೂ ಇರುತ್ತೆ, ತೂರಿ ತೆಗೀಬೇಕು. ಹೇಗೆ ತೂರೋದು ಅನ್ನೋದಕ್ಕೆ ಎರಡು ಹಳೆಯ ಕತೆ ನೋಡೋಣ.

ಮೊದಲನೆಯದು ಐಪ್ಯಾಡ್. 2010ರ ಜನವರಿ 27ರಂದು ಸ್ಟೀವ್ ಜಾಬ್ಸ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದನ್ನು ತೋರಿಸಿದರು. ಅಂಗಡಿಗೆ ಬಂದದ್ದು ಏಪ್ರಿಲ್ 3ಕ್ಕೆ, ಅದೂ ಅಮೆರಿಕದಲ್ಲಿ ಮಾತ್ರ. ನಡುವಿನ ಎರಡು ತಿಂಗಳು ಅಲ್ಲಿನ ಜನ ಅದನ್ನು ಮುಟ್ಟಿಯೂ ನೋಡದೆ ಬೈದರು. ಕ್ಯಾಮೆರಾ ಇಲ್ಲ, ಯುಎಸ್‌ಬಿ ಕಿಂಡಿ ಇಲ್ಲ, ಫ್ಲ್ಯಾಶ್ ಓಡಲ್ಲ, ಐಪಾಡ್ ಟಚ್ ಅನ್ನೇ ಹಿಗ್ಗಿಸಿದ ಹಾಗಿದೆ ಅಷ್ಟೇ ಅಂದರು. ಇದು ಪಟ್ಟಿ ನೋಡಿ ಹೇಳಿದ ಮಾತು. ಮಾರಾಟ ಶುರುವಾದ ದಿನವೇ 3 ಲಕ್ಷ ಹೋದವು, 28 ದಿನಕ್ಕೆ 10 ಲಕ್ಷ ದಾಟಿತು. ಕ್ಯಾಮೆರಾದ ದೂರು ಪೂರ್ತಿ ಸುಳ್ಳಾಗಿರಲಿಲ್ಲ, ಮರುವರ್ಷ ಬಂದ ಎರಡನೇ ಐಪ್ಯಾಡಿಗೆ ಕ್ಯಾಮೆರಾ ಹಾಕಿದರು. ಆದರೆ ಎಲ್ಲಕ್ಕಿಂತ ಜೋರಾಗಿ ಕೂಗಿದ್ದ ಫ್ಲ್ಯಾಶ್ ಐಪ್ಯಾಡಿಗೆ ಬರಲೇ ಇಲ್ಲ. ಫ್ಲ್ಯಾಶಿನ ಒಡೆತನ ಇದ್ದ ಅಡೋಬಿ ಕಂಪನಿಯೇ 2020ರ ಕೊನೆಗೆ ಅದನ್ನು ನಿಲ್ಲಿಸಿತು.

ಈಗ ಕೈಗೆ ಬಂದ ಮೇಲೆ ಏನಂದರು ನೋಡಿ. ಕೆಲವರು ವೈಫೈ ಸರಿಯಾಗಿ ಹಿಡಿಯಲ್ಲ ಅಂದರು. ಇನ್ನು ಕೆಲವರು ಬಿಸಿಲಲ್ಲಿ ಹೊರಗೆ ಕೂತು ಬಳಸಿದರೆ ಸ್ವಲ್ಪ ಹೊತ್ತಿಗೇ ‘ಐಪ್ಯಾಡ್ ತಣ್ಣಗಾಗಬೇಕು’ ಅನ್ನುವ ಎಚ್ಚರಿಕೆ ಬಂದು ಕೆಲಸ ನಿಲ್ಲಿಸುತ್ತೆ ಅಂದರು. ನಮಗೆ ಬೇಕಾದ ಮಾತು ಇದು. ಐಪ್ಯಾಡ್ ಬಳಸಬೇಕಾದ ಉಷ್ಣಾಂಶ 0ಯಿಂದ 35 ಡಿಗ್ರಿ ಸೆಲ್ಸಿಯಸ್ ಅಂತ ಕಂಪನಿಯವರೇ ಬರೆದಿದ್ದಾರೆ. ಆಗಲೂ ಅಷ್ಟೇ, ಈಗಲೂ ಅಷ್ಟೇ. ಬೇರೆ ಕಂಪನಿಗಳ ಎಷ್ಟೋ ಫೋನು, ಟ್ಯಾಬಿನ ಕೈಪಿಡಿಯಲ್ಲೂ ಇದೇ 35 ಇರುತ್ತೆ. ಆ ಕೈಪಿಡಿಯನ್ನು ನಾವು ಡಬ್ಬದಿಂದ ಹೊರಗೇ ತೆಗೆಯಲ್ಲ. ರಾಯಚೂರು, ಕಲಬುರಗಿಯಲ್ಲಿ ಬೇಸಿಗೆ 40 ದಾಟುತ್ತೆ. ನಮ್ಮ ತಿಪಟೂರು ಕಡೆ ತೆಂಗಿನ ನೆರಳಿದೆ ಸರಿ, ಆದರೆ ಏಪ್ರಿಲ್ ಮಧ್ಯಾಹ್ನ ತರಕಾರಿ ತಾಕಲ್ಲಿ ನಿಂತರೆ ಇಲ್ಲೂ 35 ಯಾವ ಲೆಕ್ಕ? ಅದೂ ಗಾಳಿಯ ಉಷ್ಣಾಂಶ. ನೇರ ಬಿಸಿಲಿಗೆ ಹಿಡಿದ ಕಪ್ಪು ಗಾಜು ಅದಕ್ಕಿಂತ ಬೇಗ ಕಾಯುತ್ತೆ. ಲಿಥಿಯಂ ಬ್ಯಾಟರಿಗೆ ಕಾವು ಅಂದರೆ ಆಗಲ್ಲ. ಕಾದಷ್ಟೂ ಅದರ ಆಯಸ್ಸು ಕಡಿಮೆ.

ಎರಡನೇ ಕತೆ ನಮ್ಮ ದೇಶದ್ದೇ, ಆಕಾಶ್ ಟ್ಯಾಬ್. 2011ರ ಅಕ್ಟೋಬರ್ 5ರಂದು ದೆಹಲಿಯಲ್ಲಿ ಆಗಿನ ಮಾನವ ಸಂಪನ್ಮೂಲ ಸಚಿವ ಕಪಿಲ್ ಸಿಬಲ್ ಬಿಡುಗಡೆ ಮಾಡಿದರು. ನಾನಾಗ ಮೂಡಿಗೆರೆಯಲ್ಲಿ ತೋಟಗಾರಿಕೆ ಓದ್ತಿದ್ದೆ. ಹಾಸ್ಟೆಲ್‌ಗೆ ಬರುತ್ತಿದ್ದ ಪೇಪರಿನ ಆ ಪುಟ ಸಂಜೆ ಹೊತ್ತಿಗೆ ಹರಿದೇ ಹೋಗಿತ್ತು, ಅಷ್ಟು ಕೈ ಬದಲಾಗಿತ್ತು. ಯಾಕೆ ಅಂದರೆ ಬೆಲೆ. ಡೇಟಾವಿಂಡ್ ಕಂಪನಿ ಸರ್ಕಾರಕ್ಕೆ ಕೊಟ್ಟದ್ದು 2,276 ರೂಪಾಯಿಗೆ. ವಿದ್ಯಾರ್ಥಿಗಳಿಗೆ ಅದಕ್ಕಿಂತಲೂ ಕಡಿಮೆಗೆ ಸಿಗುತ್ತೆ ಅಂತ ಸುದ್ದಿ. ಜಗತ್ತಿನಲ್ಲೇ ಅಗ್ಗದ ಟ್ಯಾಬ್ ಅಂತ ಹೊರದೇಶದವರೂ ಬರೆದರು. ನನ್ನ ಕೈಗೆ ಅದು ಬರಲಿಲ್ಲ ಬಿಡಿ. ಆದರೆ ಬಂದವರು ಏನಂದರು ಅನ್ನೋದನ್ನು ಬಿಡದೆ ಓದ್ತಿದ್ದೆ.

ಏಳು ಇಂಚಿನ ಪರದೆ, 366 ಮೆಗಾಹರ್ಟ್ಸ್ ಪ್ರೊಸೆಸರ್, 256 ಎಂಬಿ ರ್‍ಯಾಮ್, 2,100 ಎಂಎಎಚ್ ಬ್ಯಾಟರಿ. ಈ ಪಟ್ಟಿ ನೋಡಿದವರು ‘ಈ ಬೆಲೆಗೆ ಇಷ್ಟು ಸಿಗೋದೇ ಹೆಚ್ಚು’ ಅಂತ ಹೊಗಳಿದರು. ಕೈಗೆ ತಗೊಂಡವರು ಹೇಳಿದ್ದೇ ಬೇರೆ. ಒಂದು ಪುಟ ತೆರೆಯೋಕೆ ಕಾಯಬೇಕು, ಬೆರಳು ಸವರಿದರೆ ಪರದೆಗೆ ಗೊತ್ತೇ ಆಗಲ್ಲ, ಒತ್ತಬೇಕು. ಚಾರ್ಜು ಎರಡು ಮೂರು ಗಂಟೆಗೆ ಖಾಲಿ. ಬಿಸಿಯಾಗುತ್ತೆ. ಆಂಡ್ರಾಯ್ಡ್ ಮಾರ್ಕೆಟ್ ಇಲ್ಲ, ಆಗ ಪ್ಲೇ ಸ್ಟೋರ್‌ಗೆ ಅದೇ ಹೆಸರು. ಈ ದೂರುಗಳು ಪಟ್ಟಿಯಿಂದ ಬಂದವಲ್ಲ. ಕೂತು ಓದೋಕೆ ಹೋಗಿ, ಆಗದೆ, ಬೇಜಾರಾಗಿ ಹೇಳಿದವು.

ಒಂದು ವರ್ಷದ ಮೇಲೆ, 2012ರ ನವೆಂಬರ್ 11ರಂದು, ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರು ಆಕಾಶ್-2 ಬಿಡುಗಡೆ ಮಾಡಿದರು. ಪ್ರೊಸೆಸರ್ 1 ಗಿಗಾಹರ್ಟ್ಸ್ ಆಗಿತ್ತು. ರ್‍ಯಾಮ್ 512 ಎಂಬಿ. ಒತ್ತುವ ಪರದೆ ಹೋಗಿ ಸವರುವ ಪರದೆ ಬಂದಿತ್ತು. ಬ್ಯಾಟರಿಯೂ ದೊಡ್ಡದಾಗಿತ್ತು. ಸರ್ಕಾರ ಕೊಟ್ಟ ಬೆಲೆ ಮಾತ್ರ ಹೆಚ್ಚುಕಮ್ಮಿ ಮೊದಲಿನದೇ. ಮೊದಲು ಬಳಸಿದವರು ಎಲ್ಲೆಲ್ಲಿ ಬೆರಳಿಟ್ಟು ತೋರಿಸಿದ್ದರೋ ಅಲ್ಲೆಲ್ಲ ರಿಪೇರಿ ಆಗಿತ್ತು. ಅಂದರೆ ಆ ದೂರುಗಳು ನಿಜ ಅಂತ ಮಾಡಿದವರೇ ಒಪ್ಪಿಕೊಂಡ ಹಾಗೆ. ಆದರೆ ಮೊದಲು ತಗೊಂಡವರ ದೂರಿನಿಂದ ಲಾಭ ಆಗಿದ್ದು ಎರಡನೆಯದನ್ನು ತಗೊಂಡವರಿಗೆ. ಮೊದಲಿನವರ ಕೈಯಲ್ಲಿ ಉಳಿದದ್ದು ಆ 366 ಮೆಗಾಹರ್ಟ್ಸೇ. ನಮ್ಮ 60 ಸಾವಿರ ಯಾವ ಸಾಲಿನಲ್ಲಿ ನಿಲ್ಲಬೇಕು ಅಂತ ಹುಡುಗರಿಗೆ ಕೇಳಿದೆ.

ಆ ಒತ್ತುವ ಪರದೆ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗ್ತೀನಿ. ಅದರಲ್ಲಿ ಎರಡು ತೆಳು ಪದರ ಇರುತ್ತೆ, ಒತ್ತಿದಾಗ ಒಂದಕ್ಕೊಂದು ತಾಗುತ್ತೆ. ಬೆರಳೇ ಆಗಬೇಕು ಅಂತಿಲ್ಲ. ಉಗುರು, ಕಡ್ಡಿ, ಕೈಗವಸು ಹಾಕಿದ ಕೈ, ಕೆಸರು ಮೆತ್ತಿದ ಕೈ, ಯಾವುದಾದರೂ ನಡೆಯುತ್ತೆ. ಈಗಿನ ಪರದೆ ನಮ್ಮ ಚರ್ಮದ ವಿದ್ಯುತ್ ಗುಣ ನೋಡಿ ಕೆಲಸ ಮಾಡೋದು. ಸವರಿದರೆ ಸಾಕು, ಸುಖವಾಗಿರುತ್ತೆ. ಆದರೆ ಹನಿ ನೀರಾವರಿ ಪೈಪ್ ಸರಿಮಾಡಿ ಒದ್ದೆ ಕೈಯಲ್ಲಿ ಮುಟ್ಟಿ ನೋಡಿ, ತಾನೇ ತಾನಾಗಿ ಯಾವುದೋ ಬಟನ್ ಒತ್ತಿಕೊಳ್ಳುತ್ತೆ. ತುಂತುರು ಮಳೆಯಲ್ಲಿ ಫೋನ್ ತಾನೇ ಯಾರಿಗೋ ಕಾಲ್ ಮಾಡಿದ್ದು ನಿಮಗೂ ಆಗಿರುತ್ತೆ. ಆಕಾಶ್ ಬಳಸಿ ದೂರಿದವರು ಕ್ಲಾಸ್‌ರೂಮಿನಲ್ಲಿ ಕೂತ ವಿದ್ಯಾರ್ಥಿಗಳು, ನಗರದ ಪತ್ರಕರ್ತರು. ಅವರ ಕೈಗೆ ಅದು ಕೆಟ್ಟ ಪರದೆ, ಅವರು ಹೇಳಿದ್ದು ಸುಳ್ಳಲ್ಲ. ಆದರೆ ಅದನ್ನು ಮಣ್ಣಿನ ಕೈಗೆ ಕೊಟ್ಟು ನೀನೇನಂತೀಯಪ್ಪ ಅಂತ ಕೇಳಿದ್ದರೆ ಉತ್ತರ ಬೇರೆಯೇ ಇರುತ್ತಿತ್ತೇನೋ. ಮುಂದೆ ಬಂದ ಪರದೆಗಳೆಲ್ಲ ಆ ಒಣ ಕೈಗಳ ಮಾತು ಕೇಳಿಯೇ ಬಂದವು.

ಹಳ್ಳಿಯವರನ್ನು ಮನಸ್ಸಲ್ಲಿಟ್ಟುಕೊಂಡು ಮಾಡಿದ ಯಂತ್ರ ಇರಲೇ ಇಲ್ಲ ಅಂತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಎನ್‌ಕೋರ್ ಕಂಪನಿಯವರ ಜೊತೆ ಸೇರಿ 2001ರಲ್ಲೇ ಸಿಂಪ್ಯೂಟರ್ ತೋರಿಸಿದ್ದರು. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದು. ಒಂದೇ ಯಂತ್ರ, ಒಬ್ಬೊಬ್ಬರಿಗೂ ಒಂದೊಂದು ಸ್ಮಾರ್ಟ್ ಕಾರ್ಡ್, ಊರೆಲ್ಲ ಹಂಚಿಕೊಂಡು ಬಳಸಲಿ ಅನ್ನೋದು ಯೋಚನೆ. ನಮ್ಮ ಗುಂಪು ಈಗ ಮಾಡಹೊರಟಿರುವುದೂ ಹೆಚ್ಚುಕಮ್ಮಿ ಅದನ್ನೇ. 2004ರಲ್ಲಿ ಬಿಇಎಲ್‌ನವರು ಅಮಿಡಾ ಹೆಸರಲ್ಲಿ ಮಾರುಕಟ್ಟೆಗೂ ತಂದರು. ಆಮೇಲೆ ಮೊಬೈಲ್ ಹಳ್ಳಿಗೆ ನುಗ್ಗಿತು, ಇದು ಹಿಂದೆ ಬಿತ್ತು.

ಮತ್ತೆ ಇವತ್ತಿನ ವಿಷಯಕ್ಕೆ ಬರೋಣ. ಮೊದಲ ವಾರದ ವಿಡಿಯೋ ಮಾಡುವವರಲ್ಲಿ ಎಷ್ಟೋ ಜನರಿಗೆ ಟ್ಯಾಬ್ ಕಂಪನಿಯಿಂದಲೇ ಬಂದಿರುತ್ತೆ. ಅದರಲ್ಲಿ ತಪ್ಪೇನಿಲ್ಲ, ಆದರೆ ಹೇಳಬೇಕು. ಹೀಗೆ ಪುಕ್ಕಟೆ ವಸ್ತುವೋ ದುಡ್ಡೋ ಪಡೆದು ಒಂದು ಸಾಮಾನಿನ ಪರವಾಗಿ ಮಾತಾಡುವವರು ಅದನ್ನು ನೋಡುಗರಿಗೆ ಕಾಣುವ ಹಾಗೆ ತಿಳಿಸಬೇಕು ಅಂತ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರ ಜನವರಿಯಲ್ಲೇ ಮಾರ್ಗಸೂಚಿ ಹೊರಡಿಸಿದೆ. ಶಾಪಿಂಗ್ ಸೈಟುಗಳ ಅಭಿಪ್ರಾಯಕ್ಕೂ 2022ರ ನವೆಂಬರ್‌ನಲ್ಲಿ ಬಿಐಎಸ್‌ನ ಐಎಸ್ 19000 ಅನ್ನುವ ಮಾನದಂಡ ಬಂತು. ಅದು ಸೈಟುಗಳು ತಾವಾಗಿ ಒಪ್ಪಿಕೊಂಡು ಪಾಲಿಸಲಿ ಅಂತ ಶುರುವಾದದ್ದು. ವಿಡಿಯೋದ ಮೂಲೆಯಲ್ಲಿ, ಕೆಳಗಿನ ವಿವರಣೆಯಲ್ಲಿ ‘ಪ್ರಾಯೋಜಿತ’ ಅನ್ನುವ ಪದ ಹುಡುಕಿ. ಇದ್ದರೆ ಗೊಬ್ಬರದ ಅಂಗಡಿಯವನೇ ಗೊಬ್ಬರದ ಗುಣ ಹೇಳಿದ ಹಾಗೆ ಅಂದುಕೊಂಡು ಕೇಳಿ.

ಅವರು ತೋರಿಸೋದು ಏನು? ಆಟ ಆಡ್ತಾರೆ, ಸಿನಿಮಾ ಹಾಕ್ತಾರೆ, ಸ್ಪೀಕರ್ ನಾಲ್ಕಿದೆ ಅಂತಾರೆ. ಏಸಿ ರೂಮಿನಲ್ಲಿ, ಬಿಳಿ ಮೇಜಿನ ಮೇಲೆ. ಪಾಪ, ಅವರ ಬದುಕು ಅಲ್ಲಿದೆ. ನಮಗೆ ಬೇಕಾದ ಪ್ರಶ್ನೆ ಅವರ ತಲೆಗೆ ಹೊಳೆಯಲ್ಲ.

ಜಿಪಿಎಸ್ ವಿಷಯವನ್ನೇ ತಗೊಳ್ಳಿ. ಫೋನ್ ಅಂದಮೇಲೆ ಜಿಪಿಎಸ್ ಇದ್ದೇ ಇರುತ್ತೆ, ಹಾಗಾಗಿ ಟ್ಯಾಬಲ್ಲೂ ಇರುತ್ತೆ ಅಂದುಕೊಳ್ತೀವಿ. ಸಿಮ್ ಹಾಕಲಾಗದ, ಬರೀ ವೈಫೈ ಇರುವ ಟ್ಯಾಬುಗಳಲ್ಲಿ ಎಷ್ಟೋ ಸಲ ಅದು ಇರಲ್ಲ. ವೈಫೈ ಐಪ್ಯಾಡಲ್ಲೂ ಇಲ್ಲ. ಮನೆಯಲ್ಲಿ ಸಿನಿಮಾ ನೋಡುವವರಿಗೆ ಅದರಿಂದ ಏನೂ ಆಗಬೇಕಿಲ್ಲ. ನಮಗೆ? ಬೆಳೆ ಸಮೀಕ್ಷೆ ಆ್ಯಪಲ್ಲಿ ಸರ್ವೆ ನಂಬರಿನ ಒಳಗೇ ನಿಂತು ಫೋಟೋ ತೆಗೀಬೇಕು. ನಮ್ಮ ಗುಂಪಿನ ದಾಖಲೆಗೂ ಯಾವ ತಾಕು ಅಂತ ಗುರುತು ಬೇಕು. ಜಿಪಿಎಸ್ ಇಲ್ಲದ ಟ್ಯಾಬಿಗೆ ತಾನು ಯಾರ ಹೊಲದಲ್ಲಿದ್ದೀನಿ ಅಂತಲೇ ಗೊತ್ತಾಗಲ್ಲ. ಎರಡು ಮೂರು ಸಾವಿರ ಉಳಿಯುತ್ತೆ ಅಂತ ವೈಫೈ ಮಾತ್ರ ಇರುವುದನ್ನು ತಂದರೆ ಅದು ಮಕ್ಕಳ ಕಾರ್ಟೂನಿಗೆ ಆದೀತು. ಹುಡುಗ ಕಳಿಸಿದ ಲಿಂಕಿನ ಟ್ಯಾಬೂ ವೈಫೈ ಮಾತ್ರದ್ದೇ. ಆ ಮುನ್ನೂರು ಅಭಿಪ್ರಾಯದಲ್ಲಿ ಜಿಪಿಎಸ್ ಅನ್ನುವ ಪದ ನನ್ನ ಕಣ್ಣಿಗೆ ಒಂದು ಸಲವೂ ಬೀಳಲಿಲ್ಲ.

ಕ್ಯಾಮೆರಾದ್ದೂ ಇದೇ ಕತೆ. ಎಷ್ಟು ಮೆಗಾಪಿಕ್ಸೆಲ್ ಅಂತ ಎಲ್ಲರೂ ಹೇಳ್ತಾರೆ. ಹತ್ತಿರದ ವಸ್ತುವಿಗೆ ಫೋಕಸ್ ಕೂರುತ್ತಾ ಅಂತ ಯಾರೂ ಹೇಳಲ್ಲ. ಅಗ್ಗದ ಟ್ಯಾಬುಗಳಲ್ಲಿ ಫೋಕಸ್ ಬದಲಾಗದ ಕ್ಯಾಮೆರಾ ಇರುತ್ತೆ. ಮನುಷ್ಯರ ಮುಖ ಚೆನ್ನಾಗಿ ಬರುತ್ತೆ. ಮೆಣಸಿನ ಎಲೆಯ ಹಿಂದಿನ ಥ್ರಿಪ್ಸ್ ನುಸಿ ಮಸುಕು ಮಸುಕು. ಅಂಥ ಫೋಟೋ ಕಳಿಸಿದರೆ ಕೆವಿಕೆ ವಿಜ್ಞಾನಿಗಳು ಏನು ಹೇಳಬೇಕು? ಮುಟುರಿರುವ ಎಲೆ ನೋಡಿ ಥ್ರಿಪ್ಸೋ ಮೈಟ್ಸೋ ಗೊತ್ತಾಗದೆ ತಪ್ಪು ಕಷಾಯ ಹೊಡೆದರೆ ಒಂದು ವಾರ ಕೈಬಿಟ್ಟು ಹೋಯ್ತು.

ಇನ್ನು ಬೆಳಕು. ನಟ್ಟ ನಡು ಮಧ್ಯಾಹ್ನ ಪರದೆ ಮೇಲೆ ನಮ್ಮ ಮುಖವೇ ಕಾಣುತ್ತೆ, ಒಳಗಿರೋದು ಕಾಣಲ್ಲ. ‘ನಿಟ್ಸ್’ ಅಂತ ಒಂದು ಅಂಕಿ ಕೊಟ್ಟಿರ್ತಾರೆ, ಅದು ಹೆಚ್ಚಿದ್ದಷ್ಟೂ ಬಿಸಿಲಿಗೆ ಒಳ್ಳೇದು. ಆದರೆ ಬೆಳಕು ಹೆಚ್ಚು ಮಾಡಿದಷ್ಟೂ ಟ್ಯಾಬ್ ಬಿಸಿ, ಬ್ಯಾಟರಿ ಖಾಲಿ. ಮತ್ತೆ ಅದೇ 35 ಡಿಗ್ರಿಗೆ ಬಂದ್ವಿ ನೋಡಿ. ಧೂಳು ಚಾರ್ಜಿಂಗ್ ಕಿಂಡಿಗೆ ಹೋಗೋದು, ಪಂಪ್‌ಸೆಟ್ ಮನೆಯ ಏರಿಳಿಯೋ ಕರೆಂಟಿಗೆ ಚಾರ್ಜರ್ ಹಾಕೋದು, ಇವನ್ನೆಲ್ಲ ಮೂರು ದಿನದಲ್ಲಿ ಯಾರಿಂದಲೂ ಹೇಳೋಕಾಗಲ್ಲ. ಆರು ತಿಂಗಳು ಬೇಕು.

ಹಾಗಾಗಿ ನಾನು ಓದೋದು ಹೀಗೆ. ಐದು ಸ್ಟಾರ್ ಮುಟ್ಟಲ್ಲ. ಒಂದು ಸ್ಟಾರೂ ಅಷ್ಟಕ್ಕಷ್ಟೇ, ಅಲ್ಲಿ ಕೊರಿಯರ್ ಮೇಲಿನ ಸಿಟ್ಟೇ ಜಾಸ್ತಿ. ಎರಡು, ಮೂರು ಸ್ಟಾರ್ ಕೊಟ್ಟವರ ಹತ್ತಿರ ಮಾತಿರುತ್ತೆ. ಅವರಿಗೆ ಟ್ಯಾಬ್ ಇಷ್ಟ ಆಗಬೇಕಿತ್ತು, ಯಾಕೆ ಆಗಲಿಲ್ಲ ಅಂತ ಹೇಳ್ತಾರೆ. ಆಮೇಲೆ ದಿನಾಂಕ ನೋಡ್ತೀನಿ. ತಗೊಂಡು ಮೂರು ತಿಂಗಳಾದ ಮೇಲೆ ಮತ್ತೆ ಬಂದು ಬರೆದವನು ಒಬ್ಬ ಸಿಕ್ಕಿದರೂ ಸಾಕು, ಮುನ್ನೂರು ಪ್ಯಾಕಿಂಗ್ ಹೊಗಳಿಕೆಗಿಂತ ಮೇಲು. ಹುಡುಕೋ ಜಾಗದಲ್ಲಿ ‘ಹೀಟ್’, ‘ಜಿಪಿಎಸ್’, ‘ಬಿಸಿಲು’ ಅಂತ ಹಾಕಿ ನೋಡಿ. ಇಂಗ್ಲಿಷಲ್ಲೂ ಹಾಕಿ, ಹಿಂದಿಯಲ್ಲೂ ಹಾಕಿ. ವಿದರ್ಭದ ರೈತನ ಬಿಸಿಲೂ ನಮ್ಮ ರಾಯಚೂರಿನವನ ಬಿಸಿಲೂ ಒಂದೇ.

‘ಅಷ್ಟು ಕಾದರೆ ಬಿಡುಗಡೆ ಆಫರ್ ಹೋಗುತ್ತಲ್ಲ ಅಣ್ಣ’ ಅಂತ ಹುಡುಗ ಕೇಳಿದ. ಹೋಗುತ್ತೆ, ನಿಜ. ಒಂದೋ ಎರಡೋ ಸಾವಿರ. ಆದರೆ ಹಬ್ಬದ ಸೇಲ್ ಬಂದಾಗ ಅದೇ ಟ್ಯಾಬ್ ಅದೇ ಬೆಲೆಗೆ, ಕೆಲವೊಮ್ಮೆ ಇನ್ನೂ ಕಡಿಮೆಗೆ ಬಂದಿದ್ದನ್ನು ನಾನು ನೋಡಿದ್ದೀನಿ. ಅಷ್ಟರಲ್ಲಿ ಸಾಫ್ಟ್‌ವೇರ್‌ನ ಒಂದೆರಡು ಅಪ್‌ಡೇಟೂ ಬಂದಿರುತ್ತೆ. ಸಣ್ಣಪುಟ್ಟ ತೊಂದರೆ ಇದ್ದರೆ ಹೋಗಿರುತ್ತೆ, ಇಲ್ಲಾ ಹೊಸ ತೊಂದರೆ ಬಂದಿದ್ದರೆ ಅದೂ ಗೊತ್ತಾಗಿರುತ್ತೆ. ಮಗಳ ಓದಿಗೆ, ಮನೆ ಲೆಕ್ಕ ಬರೆಯೋಕೆ ಅಂತ ಒಂದೇ ಒಂದು ತಗೊಳ್ಳುವವರು ಇಷ್ಟೆಲ್ಲ ತಲೆ ಕೆಡಿಸಿಕೊಳ್ಳೋದು ಬೇಡ, ಇವತ್ತೇ ತಗೊಳ್ಳಿ. ಮನೆ ಒಳಗೆ ಬಳಸುವುದಕ್ಕೆ ಮನೆ ಒಳಗೆ ಬಳಸಿದವರ ಮಾತು ಸಾಕು.

ಕೊನೆಗೆ ನಮ್ಮ ಗುಂಪು ಒಪ್ಪಿಕೊಂಡದ್ದು ಇಷ್ಟು. ಲಿಂಕಿನಲ್ಲಿದ್ದ ಆ ಟ್ಯಾಬ್ ಬೇಡ. ಸಿಮ್ಮೂ ಜಿಪಿಎಸ್ಸೂ ಇರುವ ಒಂದನ್ನು ಮಾತ್ರ ತರೋದು, ನಾಲ್ಕಲ್ಲ. ಅದೂ ಆನ್‌ಲೈನಲ್ಲಿ ಅಲ್ಲ, ಅಂಗಡಿಯಲ್ಲಿ. ಅಂಗಡಿಯವರನ್ನು ಒಪ್ಪಿಸಿ ಟ್ಯಾಬನ್ನು ಬಾಗಿಲಾಚೆ ಬಿಸಿಲಿಗೆ ತಂದು ನೋಡೋದು, ಕೈ ಒದ್ದೆ ಮಾಡಿಕೊಂಡು ಮುಟ್ಟೋದು, ಒಂದು ಎಲೆಯ ಫೋಟೋ ತೆಗೆಯೋದು. ಆಮೇಲೆ ಅದು ನಾಲ್ಕು ಜನರ ಹೊಲ ಸುತ್ತಬೇಕು, ಒಬ್ಬೊಬ್ಬರ ಹತ್ತಿರ ಹದಿನೈದು ದಿನ. ಆ ನಾಲ್ವರಲ್ಲಿ ಇಬ್ಬರು ಹೆಂಗಸರು, ಡೈರಿ ನಿಜವಾಗಿ ಬರೆಯೋರು ಅವರೇ. ಕನ್ನಡದಲ್ಲಿ ಮಾತಾಡಿದರೆ ತಾನೇ ಬರೆದುಕೊಳ್ಳುತ್ತಾ, ನಮ್ಮ ಕಡೆಯ ಮಾತು ಅದಕ್ಕೆ ಅರ್ಥ ಆಗುತ್ತಾ, ನೆಟ್‌ವರ್ಕ್ ಇಲ್ಲದ ಕಡೆ ಏನು ಮಾಡುತ್ತೆ, ಅದನ್ನೂ ಅವರೇ ನೋಡಿ ಹೇಳಬೇಕು. ಸರದಿ ಶುರುವಾಗೋದು ಶಿವರಾತ್ರಿ ಕಳೆದು ಬಿಸಿಲು ಏರಿದ ಮೇಲೆ. ಉಳಿದ ಮೂರರ ದುಡ್ಡು ಅಲ್ಲಿವರೆಗೆ ಬ್ಯಾಂಕಲ್ಲಿರುತ್ತೆ.